ಹಗುರ ವೈರ್‌ಲೆಸ್ ಗೇಮಿಂಗ್ ಮೌಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಗೆಳೆಯರ ಮಾತಿನಲ್ಲಿ, ಮೆಸೇಜ್‌ಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಒಂದು ಕಡೆ ಸೇರಿಸಿದ್ದೇನೆ. ಕೇಳಿದವರ ಮಾತನ್ನು ಹಾಗೇ ಬಿಟ್ಟಿದ್ದೇನೆ. ನನ್ನ ಪಕ್ಷಪಾತ ಮೊದಲೇ ಹೇಳಿಬಿಡುತ್ತೇನೆ. ಮೌಸ್ 60 ಗ್ರಾಂ ಆಸುಪಾಸಿಗೆ ಬಂದ ಮೇಲೆ ಗ್ರಾಂ ಎಣಿಸುತ್ತಾ ಕೂರುವುದಕ್ಕಿಂತ ಅದು ಕೈಗೆ ಸರಿಯಾಗಿ ಕೂರುತ್ತದಾ ಅಂತ ನೋಡುವುದೇ ಮುಖ್ಯ. ನೀವು ಆಡುವುದು ವ್ಯಾಲರಂಟ್, ಸಿಎಸ್2 (ಕೌಂಟರ್-ಸ್ಟ್ರೈಕ್ 2) ಥರದ ಶೂಟರ್ ಆಟ ಅಂತ ಇಟ್ಟುಕೊಂಡು ಬರೆದಿದ್ದೇನೆ.

## ಶುರು ಮಾಡುವವರಿಗೆ

ಅಲ್ಟ್ರಾಲೈಟ್ ಅಂದ್ರೆ ಎಷ್ಟು ಗ್ರಾಂ? ಒಬ್ಬೊಬ್ಬರು ಒಂದೊಂದು ಹೇಳ್ತಾರೆ

ಕಟ್ಟುನಿಟ್ಟಾದ ಗೆರೆ ಯಾರೂ ಹಾಕಿಲ್ಲ. ಈಗಿನ ಲೆಕ್ಕದಲ್ಲಿ 65 ಗ್ರಾಂಗಿಂತ ಕೆಳಗಿದ್ದರೆ ಅಲ್ಟ್ರಾಲೈಟ್ ಅನ್ನಲು ಅಡ್ಡಿಯಿಲ್ಲ. ಆದರೆ ಈ ಲೆಕ್ಕ ವರ್ಷ ವರ್ಷ ಇಳಿಯುತ್ತಲೇ ಇದೆ. 2018ರಲ್ಲಿ ಲಾಜಿಟೆಕ್ ಜಿ ಪ್ರೊ ವೈರ್‌ಲೆಸ್ 80 ಗ್ರಾಂಗೆ ಬಂದಾಗ ಅದೇ ದೊಡ್ಡ ಸುದ್ದಿ, ಯಾಕೆಂದರೆ ಎರಡು ವರ್ಷ ಮುಂಚೆ ಬಂದಿದ್ದ ಅದೇ ಕಂಪನಿಯ ಜಿ900 ನೂರು ಗ್ರಾಂ ದಾಟಿತ್ತು. 2020ರ ಕೊನೆಗೆ ಬಂದ ಲಾಜಿಟೆಕ್‌ನದೇ ಜಿ ಪ್ರೊ ಎಕ್ಸ್ ಸೂಪರ್‌ಲೈಟ್ 63 ಗ್ರಾಂಗಿಂತ ಕೆಳಗಿಳಿಯಿತು. 2022ರಲ್ಲಿ ರೇಜರ್ ವೈಪರ್ ವಿ2 ಪ್ರೊ 58 ಗ್ರಾಂ. 2024ರಲ್ಲಿ ವೈಪರ್ ವಿ3 ಪ್ರೊ 54.

ಬಾಕ್ಸ್ ಮೇಲೆ ಬರೆದದ್ದಕ್ಕೂ ನಿಮ್ಮ ಕೈಗೆ ಬಂದ ಮೌಸ್‌ಗೂ ಒಂದೆರಡು ಗ್ರಾಂ ಆಚೀಚೆ ಇರುವುದು ಮಾಮೂಲಿ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ, 56 ಬಂತು ಅಂತ ವಾಪಸ್ ಕಳಿಸಬೇಡಿ.

ನಾನು ಪ್ರೊ ಅಲ್ಲ, ಸುಮ್ನೆ ಸಂಜೆ ಒಂದೆರಡು ಗಂಟೆ ಆಡೋನು. ಹಗುರ ಮೌಸ್‌ನಿಂದ ನಿಜವಾಗ್ಲೂ ಲಾಭ ಇದೆಯಾ?

100 ಗ್ರಾಂನಿಂದ 60ಕ್ಕೆ ಇಳಿದರೆ ಖಂಡಿತ ಗೊತ್ತಾಗುತ್ತದೆ. ಸೆನ್ಸಿಟಿವಿಟಿ (ಮೌಸ್ ಸರಿಸಿದ್ದಕ್ಕೆ ಆಟದಲ್ಲಿ ಗುರಿ ಎಷ್ಟು ತಿರುಗುತ್ತದೆ ಅನ್ನುವ ಲೆಕ್ಕ) ಕಡಿಮೆ ಇಟ್ಟುಕೊಂಡು ತೋಳಿನಿಂದ ಆಡುವವರಿಗಂತೂ ಇನ್ನೂ ಜಾಸ್ತಿ. ಅಂಥವರು ಪ್ಯಾಡ್‌ನ ಈ ತುದಿಯಿಂದ ಆ ತುದಿಗೆ ಎಳೆಯುತ್ತಾರೆ, ಎತ್ತುತ್ತಾರೆ, ಮತ್ತೆ ಮೊದಲ ಜಾಗಕ್ಕೆ ಇಡುತ್ತಾರೆ. ಒಂದು ಮ್ಯಾಚ್‌ನಲ್ಲಿ ಇದು ಎಷ್ಟು ಸಲ ಆಗುತ್ತದೋ ಲೆಕ್ಕವಿಲ್ಲ. ಹಗುರ ಮೌಸ್ ಇದ್ದರೆ ಮಣಿಕಟ್ಟಿನ ಆಯಾಸ ಕಡಿಮೆ, ಜೋರಾಗಿ ತಿರುಗಿಸಿದ ಮೇಲೆ ಗುರಿಯ ಮೇಲೆ ನಿಲ್ಲಿಸುವುದೂ ಸುಲಭ.

60ರಿಂದ 54ಕ್ಕೆ ಇಳಿದರೆ? ಆರು ಗ್ರಾಂ ಅಂದರೆ ಹೆಚ್ಚುಕಡಿಮೆ ಒಂದು ಐದು ರೂಪಾಯಿ ನಾಣ್ಯದ ತೂಕ. ಮೌಸ್ ಜೊತೆ ಓಡಾಡುವ ನಿಮ್ಮ ಅಂಗೈ, ಬೆರಳುಗಳೇ ಸುಮಾರು 400 ಗ್ರಾಂ ಇರುತ್ತವೆ. ಆ ಆರು ಗ್ರಾಂಗೋಸ್ಕರ ಸಾವಿರಾರು ರೂಪಾಯಿ ಹೆಚ್ಚಿಗೆ ಕೊಡುವುದು ಶೋಕಿ. ತಪ್ಪಲ್ಲ, ಆದರೆ ರ‍್ಯಾಂಕ್ ಏರಲ್ಲ.

ವೈರ್‌ಲೆಸ್ ಅಂದ್ರೆ ಲ್ಯಾಗ್ ಇರುತ್ತೆ ಅಲ್ವಾ? ವೈರೇ ವಾಸಿ ಅಂತ ಅಣ್ಣ ಹೇಳ್ತಾನೆ

ನಿಮ್ಮ ಅಣ್ಣ ಹೇಳುವುದು ಹತ್ತು ಹನ್ನೆರಡು ವರ್ಷ ಹಿಂದೆ ನಿಜ. ಈಗ ಅಲ್ಲ. ಒಳ್ಳೆಯ 2.4 ಗಿಗಾಹರ್ಟ್ಜ್ ಡಾಂಗಲ್ (ಯುಎಸ್‌ಬಿಗೆ ಸಿಕ್ಕಿಸುವ ಚಿಕ್ಕ ರಿಸೀವರ್) ಇರುವ ಮೌಸ್ ಸೆಕೆಂಡಿಗೆ 1000 ಸಲ ಕಂಪ್ಯೂಟರಿಗೆ ವರದಿ ಕೊಡುತ್ತದೆ, ಅಂದರೆ ಒಂದು ಮಿಲಿಸೆಕೆಂಡಿಗೆ ಒಂದು. ವೈರ್ ಇರುವ ಮಾಮೂಲಿ ಗೇಮಿಂಗ್ ಮೌಸ್‌ನ ಲೆಕ್ಕವೂ ಅದೇ. ದೊಡ್ಡ ಟೂರ್ನಮೆಂಟ್‌ಗಳಲ್ಲಿ ಆಡುವವರ ಮೇಜಿನ ಮೇಲೆ ಈಗ ಹೆಚ್ಚಾಗಿ ಕಾಣುವುದು ವೈರ್‌ಲೆಸ್ಸೇ. ಕೇಬಲ್ ಪ್ಯಾಡಿಗೆ ಉಜ್ಜುವುದು, ಮಾನಿಟರ್ ಕಾಲಿಗೆ ಸಿಕ್ಕಿಕೊಳ್ಳುವುದು ಇದ್ಯಾವುದೂ ಇಲ್ಲದಿರುವುದೇ ದೊಡ್ಡ ಅನುಕೂಲ.

ನಿಮ್ಮ ಮಾನಿಟರ್ ಇನ್ನೂ 60 ಹರ್ಟ್ಜ್ ಆಗಿದ್ದರೆ ಒಂದೊಂದು ಫ್ರೇಮಿಗೂ 16.7 ಮಿಲಿಸೆಕೆಂಡ್ ಕಾಯುತ್ತಿದ್ದೀರಿ. 144 ಹರ್ಟ್ಜ್‌ನಲ್ಲಿ ಅದು 6.9. ದುಡ್ಡು ಇರುವುದು ಒಂದಕ್ಕೇ ಅಂದರೆ ಮೊದಲು ಮಾನಿಟರ್ ಬದಲಿಸಿ.

ಬ್ಲೂಟೂತ್‌ನಲ್ಲಿ ಆಡಬಹುದಾ?

ಆಫೀಸ್ ಕೆಲಸಕ್ಕೆ ಸರಿ. ಶೂಟರ್ ಆಟಕ್ಕೆ ಬೇಡ. ಬ್ಲೂಟೂತ್‌ನಲ್ಲಿ ವರದಿಗಳ ನಡುವಿನ ಅಂತರ ಜಾಸ್ತಿ, ಅದೂ ಒಂದೇ ಸಮ ಇರುವುದಿಲ್ಲ. ಸೂಪರ್‌ಲೈಟ್ 2, ವೈಪರ್ ವಿ3 ಪ್ರೊ ಎರಡರಲ್ಲೂ ಬ್ಲೂಟೂತ್ ಇಟ್ಟೇ ಇಲ್ಲ, ಅದನ್ನೂ ಗಮನಿಸಿ. ಲ್ಯಾಪ್‌ಟಾಪ್‌ಗೂ ಅದೇ ಮೌಸ್ ಬೇಕು ಅಂದರೆ ಡಾಂಗಲ್ ಕಿತ್ತು ಕಿತ್ತು ಹಾಕಬೇಕಾಗುತ್ತದೆ.

ನನ್ನ ಹತ್ರ ಜಿ304 ಇದೆ. ಅದನ್ನೇ ಹಗುರ ಮಾಡ್ಕೊಳ್ಳೋಕೆ ಆಗುತ್ತಾ?

ಆಗುತ್ತದೆ, ಮತ್ತು ಇದು ನನಗೆ ಇಷ್ಟವಾದ ಪ್ರಶ್ನೆ. ಲಾಜಿಟೆಕ್ ಹೊರದೇಶಗಳಲ್ಲಿ ಜಿ305 ಅಂತ ಮಾರುವುದೂ ಇದನ್ನೇ. ಬ್ಯಾಟರಿ ಸೇರಿ 99 ಗ್ರಾಂ. ಅದರಲ್ಲಿ ಆಲ್ಕಲೈನ್ ಎಎ ಸೆಲ್ ಒಂದೇ ಸುಮಾರು 23 ಗ್ರಾಂ, ಅದೂ ಹಿಂಭಾಗದಲ್ಲಿ ಕೂತಿರುತ್ತದೆ, ಹಾಗಾಗಿ ಬಾಲ ಭಾರ ಅನಿಸುತ್ತದೆ. ಸೆಲ್ ತೆಗೆದು ಲಿಥಿಯಂ ಎಎ ಹಾಕಿದರೆ 15 ಗ್ರಾಂ. ಲಿಥಿಯಂ ಎಎಎ ಆದರೆ ಎಂಟು ಗ್ರಾಂ ಒಳಗೇ, ಅದಕ್ಕೊಂದು ಪ್ಲಾಸ್ಟಿಕ್ ಅಡಾಪ್ಟರ್ ಬೇಕು, ಕೆಲವೇ ರೂಪಾಯಿಗೆ ಸಿಗುತ್ತದೆ. ಎರಡೂ 1.5 ವೋಲ್ಟೇ, ಮೌಸ್‌ಗೆ ತೊಂದರೆ ಇಲ್ಲ. ಎಎಎ ಬೇಗ ಮುಗಿಯುತ್ತದೆ, ಅಷ್ಟೇ. ಅದನ್ನು ಹಾಕಿದರೆ ಒಟ್ಟು ತೂಕ 85ರ ಹತ್ತಿರಕ್ಕೆ ಬರುತ್ತದೆ.

ಅಡಾಪ್ಟರ್ ಬದಲು ಅಲ್ಯೂಮಿನಿಯಂ ಫಾಯಿಲ್ ತುರುಕುವವರೂ ಇದ್ದಾರೆ. ಮೌಸನ್ನು ಜೋರಾಗಿ ಝಾಡಿಸಿದಾಗ ಸೆಲ್ ಅಲುಗಾಡಿ ಮೌಸ್ ಆಫ್ ಆಗುತ್ತದೆ, ಅದೂ ಸರಿಯಾಗಿ ತಂಡದಲ್ಲಿ ನೀವೊಬ್ಬರೇ ಉಳಿದ ಕ್ಲಚ್ ರೌಂಡಿನಲ್ಲೇ. ಬೇಡ.

## ಆಯ್ಕೆ ಮಾಡುವಾಗ

ನನ್ನ ಕೈಗೆ ಯಾವ ಮೌಸ್ ಸರಿ ಅಂತ ಕೊಳ್ಳೋ ಮುಂಚೆ ಹೇಗೆ ಗೊತ್ತಾಗುತ್ತೆ?

ಸ್ಕೇಲ್ ತಗೊಳ್ಳಿ. ಮಣಿಕಟ್ಟಿನ ಮೊದಲ ಗೆರೆಯಿಂದ ನಡುಬೆರಳಿನ ತುದಿವರೆಗೆ ಉದ್ದ ಅಳೆಯಿರಿ. ಹೆಬ್ಬೆರಳು ಬಿಟ್ಟು ನಾಲ್ಕು ಬೆರಳ ಬುಡದ ಅಗಲ ಅಳೆಯಿರಿ. ಉದ್ದ 17 ಸೆಂಟಿಮೀಟರ್ ಒಳಗಿದ್ದರೆ ಚಿಕ್ಕ ಕೈ, 17ರಿಂದ 19 ಮಧ್ಯಮ, ಅದಕ್ಕಿಂತ ಮೇಲೆ ದೊಡ್ಡದು. ಇದು ಅಂದಾಜು, ಶಾಸ್ತ್ರವಲ್ಲ.

ಆಮೇಲೆ ನೀವು ಹಿಡಿಯುವ ರೀತಿ ನೋಡಿ. ನೋಡುವಾಗ ಸುಮ್ಮನೆ ಡೆಸ್ಕ್‌ಟಾಪ್ ಮೇಲೆ ಕೈಯಿಟ್ಟು ನೋಡಬೇಡಿ, ಎಲ್ಲರೂ ಆಗ ಆರಾಮಾಗಿ ಹಿಡಿಯುತ್ತಾರೆ. ಒಂದು ಡೆತ್‌ಮ್ಯಾಚ್ ಮಧ್ಯೆ, ಟೆನ್ಷನ್ ಇರುವಾಗ, ಆಟ ಬಿಟ್ಟು ಕೈಯ ಕಡೆ ನೋಡಿ. ಅಂಗೈ ಪೂರ್ತಿ ಮೌಸ್ ಮೇಲೆ ಒರಗಿದ್ದರೆ ಪಾಮ್ ಗ್ರಿಪ್. ಅಂಗೈಯ ಹಿಂಭಾಗ ಮಾತ್ರ ತಾಗಿ ಬೆರಳುಗಳು ಬಾಗಿ ನಿಂತಿದ್ದರೆ ಕ್ಲಾ. ಬೆರಳ ತುದಿ ಬಿಟ್ಟು ಬೇರೇನೂ ತಾಗದಿದ್ದರೆ ಫಿಂಗರ್‌ಟಿಪ್.

ಪಾಮ್ ಹಿಡಿಯುವವರಿಗೆ ಬೆನ್ನು ಎತ್ತರ ಇರುವ ಮೌಸ್ ಬೇಕು. ಕ್ಲಾ ಹಿಡಿಯುವವರಿಗೆ ಆ ಉಬ್ಬು ಸ್ವಲ್ಪ ಹಿಂದಕ್ಕಿದ್ದರೆ ಅಂಗೈಗೆ ಆಸರೆ ಸಿಗುತ್ತದೆ. ಫಿಂಗರ್‌ಟಿಪ್‌ನವರಿಗೆ ಗಿಡ್ಡ, ತಗ್ಗು ಮೌಸ್, ಇಲ್ಲದಿದ್ದರೆ ಕೆಳಕ್ಕೆ ಎಳೆಯುವಾಗ ಮೌಸ್‌ನ ಹಿಂಭಾಗ ಅಂಗೈಗೆ ಬಂದು ಬಡಿಯುತ್ತದೆ. ಈಗಿರುವ ಮೌಸ್‌ನ ಉದ್ದ, ಅಗಲ, ಎತ್ತರ ಬರೆದಿಟ್ಟುಕೊಂಡು, ಅದು ಸಾಕಾಗುತ್ತಿಲ್ಲವೋ ದೊಡ್ಡದಾಯಿತೋ ಯೋಚಿಸಿ, ಹೊಸದನ್ನು ಅದರ ಪಕ್ಕ ಇಟ್ಟು ಹೋಲಿಸಿ. ಹತ್ತು ರಿವ್ಯೂ ನೋಡುವುದಕ್ಕಿಂತ ಇದು ಜಾಸ್ತಿ ಉಪಯೋಗ.

ಸೂಪರ್‌ಲೈಟ್ 2 ತಗೊಳ್ಳಲಾ, ವೈಪರ್ ವಿ3 ಪ್ರೊ ತಗೊಳ್ಳಲಾ? ತಲೆ ಕೆಟ್ಟು ಹೋಗಿದೆ

ಅತಿ ಹೆಚ್ಚು ಸಲ ಬರುವ ಪ್ರಶ್ನೆ ಇದೇ.

ಕಾಗದದ ಮೇಲೆ ವೈಪರ್ ಮುಂದೆ. 54 ಗ್ರಾಂ, ಸೂಪರ್‌ಲೈಟ್ 2 60 ಗ್ರಾಂ. ವೈಪರ್ ಜೊತೆಗೆ 8000 ಹರ್ಟ್ಜ್ ಡಾಂಗಲ್, ಅಂದರೆ ಸೆಕೆಂಡಿಗೆ 8000 ವರದಿ ಕೊಡುವಂಥದ್ದು, ಬಾಕ್ಸಿನಲ್ಲೇ ಬರುತ್ತದೆ. ಸೂಪರ್‌ಲೈಟ್ 2 2023ರಲ್ಲಿ 2000 ಹರ್ಟ್ಜ್‌ನೊಂದಿಗೆ ಬಂತು, ಆಮೇಲೆ ಅಪ್‌ಡೇಟ್‌ಗಳಲ್ಲಿ ಮೇಲಕ್ಕೆ ಏರಿಸಿದರು. 1000 ಹರ್ಟ್ಜ್‌ನಲ್ಲಿ ಬ್ಯಾಟರಿ ಎರಡಕ್ಕೂ 95 ಗಂಟೆ ಅಂತ ಕಂಪನಿಗಳ ಲೆಕ್ಕ. ಎರಡರಲ್ಲೂ ಬಣ್ಣದ ಲೈಟ್ ಇಲ್ಲ, ಪಕ್ಕದ ಬಟನ್ ಎಡಗಡೆ ಮಾತ್ರ. ಎಡಗೈಯವರಿಗೆ ಎರಡೂ ಅಷ್ಟಕ್ಕಷ್ಟೇ.

ಕೈಗೆ ಸಿಕ್ಕಾಗ ಕಥೆ ಬೇರೆ. ಸೂಪರ್‌ಲೈಟ್ ದುಂಡಗಿದೆ. ಎಲ್ಲಿ ಹಿಡಿದರೂ ನಡೆಯುತ್ತದೆ, ಯಾವ ಅಂಚೂ ಬೆರಳಿಗೆ ಒತ್ತುವುದಿಲ್ಲ, ಅದಕ್ಕೇ ಬಹಳ ಜನರಿಗೆ ಒಗ್ಗುತ್ತದೆ. ಅದರದ್ದೇ ಇನ್ನೊಂದು ಮುಖ ಅಂದರೆ ಕೈ ಬೆವತಾಗ ಜಾರುತ್ತದೆ. ವೈಪರ್ ವಿ3 ಪ್ರೊ ಉಬ್ಬು ಸ್ವಲ್ಪ ತುಂಬಿಕೊಂಡಿದೆ, ಕ್ಲಾ ಹಿಡಿಯುವವರಿಗೆ ಅಂಗೈಯನ್ನು ಗಟ್ಟಿಯಾಗಿ ತುಂಬುತ್ತದೆ. ಕ್ಲಿಕ್‌ನಲ್ಲೂ ವ್ಯತ್ಯಾಸ ಇದೆ. ರೇಜರ್‌ನದ್ದು ಬೆಳಕಿನ ಕಿರಣದಿಂದ ಕೆಲಸ ಮಾಡುವ ಆಪ್ಟಿಕಲ್ ಸ್ವಿಚ್. ಲಾಜಿಟೆಕ್‌ನ ಲೈಟ್‌ಫೋರ್ಸ್ ಸ್ವಿಚ್‌ನಲ್ಲಿ ಒತ್ತಿದ ಅನುಭವ ಮೆಕ್ಯಾನಿಕಲ್, ಸಿಗ್ನಲ್ ಹೋಗುವುದು ಬೆಳಕಿನಿಂದ, ಸ್ವಲ್ಪ ಗಟ್ಟಿ, ಸದ್ದೂ ಜಾಸ್ತಿ. ಮನೆಯಲ್ಲಿ ಮಗು ಮಲಗಿದ್ದರೆ ಗೊತ್ತಾಗುತ್ತದೆ.

ನನ್ನನ್ನು ಕೇಳಿದರೆ: ಕ್ಲಾ ಹಿಡಿತ, ಮಧ್ಯಮ ಅಥವಾ ದೊಡ್ಡ ಕೈ ಇದ್ದರೆ ವೈಪರ್. ಹಿಡಿತ ಯಾವುದು ಅಂತ ಇನ್ನೂ ಗೊತ್ತಿಲ್ಲದವರಿಗೆ ಸೂಪರ್‌ಲೈಟ್. ಹಳೆಯ ಮೊದಲ ಸೂಪರ್‌ಲೈಟ್ ಕಡಿಮೆ ಬೆಲೆಗೆ ಸಿಕ್ಕರೆ ಅದೂ ಒಳ್ಳೆಯದೇ, ಆದರೆ ಚಾರ್ಜಿಂಗ್ ಮೈಕ್ರೊ ಯುಎಸ್‌ಬಿ. ಆ ಕೇಬಲ್ ಈಗ ಮನೆಯಲ್ಲಿ ಹುಡುಕಬೇಕು.

ಅಂಗೈ ಪೂರ್ತಿ ಇಟ್ಟು ಹಿಡಿಯೋನು ನಾನು, ಕೈಯೂ ದೊಡ್ಡದು. ಈ ಚಪ್ಪಟೆ ಮೌಸ್‌ಗಳು ಆಗಲ್ಲ

ಹಾಗಾದರೆ ಬಲಗೈಗೆ ಅಂತಲೇ ಓರೆಯಾಗಿ ಮಾಡಿದ ಆಕಾರ ನೋಡಿ. ರೇಜರ್ ಡೆತ್‌ಆಡರ್ ವಿ3 ಪ್ರೊ 63 ಗ್ರಾಂ, 128 ಮಿಮೀ ಉದ್ದ, 44 ಮಿಮೀ ಎತ್ತರ. ಸೂಪರ್‌ಲೈಟ್ 125 ಮಿಮೀ ಉದ್ದ, 40 ಎತ್ತರ. ನಾಲ್ಕು ಮಿಲಿಮೀಟರ್ ಏನು ಮಹಾ ಅನಿಸಬಹುದು, ಕೈಗೆ ಹಿಡಿದರೆ ಗೊತ್ತಾಗುತ್ತದೆ. ಲಾಜಿಟೆಕ್ 2024ರಲ್ಲಿ ಸೂಪರ್‌ಲೈಟ್ 2 ಡೆಕ್ಸ್ ತಂದದ್ದೂ ಈ ಗಿರಾಕಿಗಳಿಗೇ. ಚಿಕ್ಕ ಕೈಯವರು ಮಾತ್ರ ಡೆತ್‌ಆಡರ್ ಕಡೆ ಹೋಗಬೇಡಿ, ಪಕ್ಕದ ಬಟನ್‌ಗೆ ಹೆಬ್ಬೆರಳು ಎಟುಕದೆ ಪರದಾಡುತ್ತೀರಿ.

ಪಲ್ಸರ್, ಲಾಮ್‌ಜು ಅಂತೆಲ್ಲ ಕೇಳಿಬರುತ್ತೆ. ಇವೆಲ್ಲ ಏನು?

ಹಗುರ ಮೌಸ್ ಹುಚ್ಚಿನಿಂದಲೇ ಹುಟ್ಟಿದ ಚಿಕ್ಕ ಕಂಪನಿಗಳು. ಪಲ್ಸರ್ ಕೊರಿಯಾದ್ದು. ಅದರ ಎಕ್ಸ್2 56 ಗ್ರಾಂ, ಉದ್ದ 120 ಮಿಮೀ. ಲಾಮ್‌ಜು ಅಟ್ಲಾಂಟಿಸ್ 55 ಗ್ರಾಂ. ಎರಡೂ 2022ರಲ್ಲಿ ಬಂದವು, ಎರಡಕ್ಕೂ ಇನ್ನೂ ಚಿಕ್ಕ ಮಿನಿ ತಮ್ಮಂದಿರಿದ್ದಾರೆ. ದೊಡ್ಡ ಕಂಪನಿಗಳು ಒಂದೇ ಅಳತೆಯಲ್ಲಿ ಎಲ್ಲರನ್ನೂ ಸಂಭಾಳಿಸಲು ನೋಡುತ್ತವೆ, ಇವರು ಅಳತೆಗೊಂದು ಮೌಸ್ ಮಾಡುತ್ತಾರೆ. ಚಿಕ್ಕ ಕೈಯವರಿಗೆ ಇಲ್ಲೇ ಸರಿಯಾದ ಮೌಸ್ ಸಿಗುವ ಸಾಧ್ಯತೆ ಜಾಸ್ತಿ. ತೊಂದರೆ ಅಂದರೆ ನಮ್ಮ ಊರಿನಲ್ಲಿ ಕೈಯಲ್ಲಿ ಹಿಡಿದು ನೋಡಲು ಸಿಗುವುದು ಕಷ್ಟ, ಕೆಟ್ಟರೆ ಯಾರ ಬಳಿ ಹೋಗಬೇಕು ಅನ್ನುವುದನ್ನು ಮೊದಲೇ ವಿಚಾರಿಸಿಕೊಂಡು ಕೊಳ್ಳಬೇಕು.

ಚೀನಾದ ಮೌಸ್‌ನಲ್ಲೂ ಅದೇ ಸೆನ್ಸರ್, ತೂಕ ಇನ್ನೂ ಕಡಿಮೆ, ಬೆಲೆ ಅರ್ಧವೂ ಇಲ್ಲ. ಮತ್ತೆ ಯಾಕೆ ಜಾಸ್ತಿ ಕೊಡ್ಬೇಕು?

ನ್ಯಾಯವಾದ ಪ್ರಶ್ನೆ. ಅಟ್ಯಾಕ್ ಶಾರ್ಕ್ ಎಕ್ಸ್3 49 ಗ್ರಾಂ, ಒಳಗೆ ಪಿಕ್ಸ್‌ಆರ್ಟ್‌ನ ಪಿಎಡಬ್ಲ್ಯೂ 3395 ಸೆನ್ಸರ್. ಕೆಲವೇ ವರ್ಷ ಹಿಂದೆ ದುಬಾರಿ ಮೌಸ್‌ಗಳಲ್ಲಿ ಮಾತ್ರ ಇದ್ದ ಸೆನ್ಸರ್ ಅದು. ಗುರಿ ತಪ್ಪಿದರೆ ಸೆನ್ಸರ್ ಮೇಲೆ ಹಾಕುವ ಕಾಲ ಮುಗಿಯಿತು.

ವ್ಯತ್ಯಾಸ ಇರುವುದು ಸುತ್ತಮುತ್ತ. ಮೌಸನ್ನು ಎತ್ತಿಕೊಂಡು ಎರಡೂ ಪಕ್ಕ ಹೆಬ್ಬೆರಳು, ಉಂಗುರದ ಬೆರಳಿನಿಂದ ಗಟ್ಟಿಯಾಗಿ ಒತ್ತಿ ನೋಡಿ. ಕರಕರ ಅಂದರೆ ಗೋಡೆ ತೆಳು. ಇನ್ನೂ ಒತ್ತಿದಾಗ ಪಕ್ಕದ ಬಟನ್ ತಾನಾಗೇ ಕ್ಲಿಕ್ ಆದರೆ ಅದು ಬೇಡವೇ ಬೇಡ, ಮ್ಯಾಚ್ ಮಧ್ಯೆ ಬೇಡದ ಹೊತ್ತಲ್ಲಿ ಗನ್ ಬದಲಾಗುತ್ತದೆ. ಮೌಸ್ ಬಟನ್ ಎಡಬಲಕ್ಕೆ ಅಲುಗಾಡುತ್ತದಾ, ಸ್ಕ್ರಾಲ್ ಚಕ್ರ ಅರ್ಧ ಹೆಜ್ಜೆಯಲ್ಲಿ ನಿಲ್ಲುತ್ತದಾ ನೋಡಿ. ಇದೆಲ್ಲ ಸರಿ ಇದ್ದರೆ ಅಗ್ಗದ್ದೇ ಸಾಕು. ಸಾಫ್ಟ್‌ವೇರ್ ಎಲ್ಲಿಂದ ಇಳಿಸಿಕೊಳ್ಳುತ್ತೀರಿ ಅನ್ನುವುದರ ಮೇಲೆ ಮಾತ್ರ ಕಣ್ಣಿರಲಿ, ಕಂಪನಿಯ ಸ್ವಂತ ಪುಟ ಬಿಟ್ಟು ಬೇರೆ ಕಡೆಯಿಂದ ಬೇಡ.

ತೂತು ತೂತು ಇರೋ ಮೌಸ್ ತಗೊಳ್ಬಹುದಾ? ನಾನಿರೋದು ಮಂಗಳೂರಲ್ಲಿ

ಜೇನುಗೂಡು ಥರದ ಚಿಪ್ಪು ತೂಕ ಇಳಿಸಲು ಕಂಡುಕೊಂಡ ಮೊದಲ ದಾರಿ. ಈಗ ತೂತಿಲ್ಲದೆಯೇ 50ರ ಹತ್ತಿರ ಬರುತ್ತಿರುವುದರಿಂದ ಅದರ ಅಗತ್ಯ ಇಲ್ಲ. ಕರಾವಳಿಯ ಸೆಕೆಗೆ ಮುಚ್ಚಿದ ಚಿಪ್ಪೇ ವಾಸಿ. ತೂತಿನ ಅಂಚಿನಲ್ಲಿ ಬೆವರು, ಧೂಳು ಸೇರಿ ಕಪ್ಪು ಗೆರೆ ಕಟ್ಟುತ್ತದೆ, ಅದನ್ನು ಹಲ್ಲುಕಡ್ಡಿಯಿಂದ ಕೆರೆಯುತ್ತಾ ಕೂರಬೇಕು. ತೂತೇ ಬೇಕು ಅಂದರೆ ಸ್ಟೀಲ್‌ಸೀರೀಸ್ ಏರಾಕ್ಸ್ 3 ಒಳಗಿನ ಬೋರ್ಡಿಗೆ ನೀರು, ಧೂಳಿನಿಂದ ಐಪಿ54 ರಕ್ಷಣೆ ಕೊಡುತ್ತದೆ. ಕೈ ಬೆವರುವವರು ಗ್ರಿಪ್ ಟೇಪ್ ಅಂಟಿಸಿಕೊಳ್ಳಿ, ಒಂದೆರಡು ಗ್ರಾಂ ಏರಿದರೂ ಪರವಾಗಿಲ್ಲ.

ಎಸ್‌ಪಿ ರೋಡ್‌ನಲ್ಲಿ ಸೂಪರ್‌ಲೈಟ್ ತುಂಬಾ ಕಡಿಮೆಗೆ ಕೊಡ್ತೀನಿ ಅಂದ್ರು. ತಗೊಳ್ಳಲಾ?

ಬೆಲೆ ಕೇಳಿದ ಕೂಡಲೇ ಅನುಮಾನ ಬಂದರೆ ಆ ಅನುಮಾನವನ್ನು ನಂಬಿ. ಈ ಮಾಡೆಲ್‌ನ ನಕಲಿ ಬಹಳ ಓಡಾಡುತ್ತದೆ, ಬಾಕ್ಸ್ ಕೂಡ ಅಸಲಿಯ ಹಾಗೇ ಇರುತ್ತದೆ. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ನಿಯತ್ತಿನ ಅಂಗಡಿಗಳೂ ಬೇಕಾದಷ್ಟಿವೆ. ನೀವು ನೋಡಬೇಕಾದ್ದು: ಆಮದು ಮಾಡಿದವರ ಹೆಸರು, ವಿಳಾಸ, ಎಂಆರ್‌ಪಿ ಇರುವ ಲೇಬಲ್, ಜಿಎಸ್‌ಟಿ ಬಿಲ್. ಬಿಲ್ ಬೇಡ ಅಂದರೆ ಇನ್ನೂ ಕಡಿಮೆ ಮಾಡ್ತೀನಿ ಅಂದರೆ ಎದ್ದು ಬನ್ನಿ. ಆಗಲೇ ಕೊಂಡಿದ್ದರೆ ಕಂಪ್ಯೂಟರಿಗೆ ಹಾಕಿ ಕಂಪನಿಯ ಸಾಫ್ಟ್‌ವೇರ್ ತೆರೆಯಿರಿ. ಲಾಜಿಟೆಕ್‌ನ ಜಿ ಹಬ್ ಆ ಮೌಸನ್ನು ಗುರುತೇ ಹಿಡಿಯದಿದ್ದರೆ ಉತ್ತರ ಸಿಕ್ಕಿತು.

## ಒಳಹೊಕ್ಕವರಿಗೆ

32,000 ಡಿಪಿಐ ಯಾರಿಗೆ ಬೇಕು?

ಯಾರಿಗೂ ಬೇಡ. ಡಿಪಿಐ ಅಂದರೆ ಮೌಸ್ ಒಂದು ಇಂಚು ಸರಿದಾಗ ಎಷ್ಟು ಎಣಿಕೆ ಕಳಿಸುತ್ತದೆ ಅನ್ನುವುದು. ಅದು ಬಾಕ್ಸ್ ಮೇಲೆ ಬರೆಯಲು ಇರುವ ಸಂಖ್ಯೆ. 400ರಿಂದ 1600ರ ಒಳಗೆ ಎಲ್ಲಾದರೂ ಇಡಿ, ಉಳಿದದ್ದನ್ನು ಆಟದ ಸೆನ್ಸಿಟಿವಿಟಿಯಲ್ಲಿ ಸರಿಮಾಡಿ. 800 ಡಿಪಿಐ, 0.4 ಸೆನ್ಸಿಟಿವಿಟಿಯಲ್ಲಿ ಆಡುವವರು 1600ಕ್ಕೆ ಹೋದರೆ 0.2 ಮಾಡಿದರಾಯಿತು, ಕೈಗೆ ಅದೇ ವೇಗ. ವಿಂಡೋಸ್‌ನಲ್ಲಿ ಪಾಯಿಂಟರ್ ನಿಖರತೆ ಹೆಚ್ಚಿಸುವ ಆಯ್ಕೆ ಅಂತ ಒಂದಿದೆ, ಹೆಸರು ಕೇಳಿ ಮೋಸ ಹೋಗಬೇಡಿ. ಅದು ಕೈಯ ವೇಗಕ್ಕೆ ತಕ್ಕಂತೆ ದೂರ ಬದಲಿಸುತ್ತದೆ. ಆಫ್ ಮಾಡಿ.

8000 ಹರ್ಟ್ಜ್ ಆನ್ ಮಾಡಿದೆ, ಏನೂ ವ್ಯತ್ಯಾಸ ಗೊತ್ತಾಗ್ತಿಲ್ಲ. ನನ್ನ ಕಣ್ಣು ಸರಿ ಇಲ್ವಾ?

ಕಣ್ಣು ಸರಿ ಇದೆ. 1000 ಹರ್ಟ್ಜ್ ಅಂದರೆ 1 ಮಿಲಿಸೆಕೆಂಡಿಗೆ ಒಂದು ವರದಿ, 8000 ಅಂದರೆ 0.125ಕ್ಕೆ ಒಂದು. ಉಳಿಯುವುದು ಒಂದು ಮಿಲಿಸೆಕೆಂಡ್‌ಗಿಂತ ಕಡಿಮೆ.

ಇನ್ನೊಂದು ವಿಷಯ ಬಹಳ ಜನ ಯೋಚಿಸುವುದಿಲ್ಲ. ಮೌಸ್ ಸರಿದರೆ ಮಾತ್ರ ಹೊಸದಾಗಿ ಹೇಳಲು ಏನಾದರೂ ಇರುತ್ತದೆ. 400 ಡಿಪಿಐ ಅಂದರೆ ಒಂದು ಇಂಚಿಗೆ 400 ಎಣಿಕೆ. ಸೆಕೆಂಡಿಗೆ 8000 ವರದಿ ತುಂಬಬೇಕು ಅಂದರೆ ಸೆಕೆಂಡಿಗೆ 20 ಇಂಚು ವೇಗದಲ್ಲಿ ಮೌಸ್ ಓಡಬೇಕು. ತಲೆಯ ಮೇಲೆ ನಿಧಾನವಾಗಿ ಗುರಿ ಹಿಡಿಯುವಾಗ ಅಷ್ಟು ವೇಗ ಎಲ್ಲಿಂದ ಬರಬೇಕು? 1600 ಡಿಪಿಐ ಆದರೆ 5 ಇಂಚು ಸಾಕು. ಹಾಗಾಗಿ 8000 ಬಳಸುವುದಾದರೆ ಡಿಪಿಐ ಏರಿಸಿ, ಸೆನ್ಸಿಟಿವಿಟಿ ಇಳಿಸಿ.

ಇದಕ್ಕೆ ತೆರುವ ಬೆಲೆಯೂ ಇದೆ. ಪ್ರೊಸೆಸರ್ ಹಳೆಯದಾದರೆ ಮೌಸ್ ಆಡಿಸಿದಾಗಲೆಲ್ಲ ಫ್ರೇಮ್ ಬೀಳುತ್ತದೆ. ವೈಪರ್ ವಿ3 ಪ್ರೊ ಬ್ಯಾಟರಿ 95 ಗಂಟೆಯಿಂದ 17 ಗಂಟೆಗೆ ಇಳಿಯುತ್ತದೆ. 240 ಹರ್ಟ್ಜ್ ಮಾನಿಟರ್, ಗಟ್ಟಿ ಪ್ರೊಸೆಸರ್ ಎರಡೂ ಇದ್ದರೆ 2000 ಅಥವಾ 4000ದಲ್ಲಿ ಇಡಿ. ಇಲ್ಲದಿದ್ದರೆ 1000 ಸಾಕು, ನೆಮ್ಮದಿಯಾಗಿರಿ.

ಮಧ್ಯೆ ಮಧ್ಯೆ ಕರ್ಸರ್ ಜಂಪ್ ಆಗುತ್ತೆ. ಮೌಸ್ ಹಾಳಾಯ್ತಾ?

ಬಹುಶಃ ಇಲ್ಲ. ಡಾಂಗಲ್ ಎಲ್ಲಿದೆ? ಸಿಪಿಯು ಹಿಂದುಗಡೆ, ನೆಲದ ಮೇಲೆ, ಪಕ್ಕದ ಪೋರ್ಟಿನಲ್ಲಿ ಹಾರ್ಡ್‌ಡಿಸ್ಕ್ ಇದೆ ಅನ್ನುವವರೇ ಹೆಚ್ಚು. ಯುಎಸ್‌ಬಿ 3.0 ಪೋರ್ಟ್ ಮತ್ತು ಕೇಬಲ್‌ಗಳು 2.4 ಗಿಗಾಹರ್ಟ್ಜ್ ಸುತ್ತಮುತ್ತಲೇ ರೇಡಿಯೊ ಅಡಚಣೆ ಹೊರಡಿಸುತ್ತವೆ, ಇಂಟೆಲ್ 2012ರಲ್ಲೇ ಇದನ್ನು ಬರೆದು ಪ್ರಕಟಿಸಿದೆ. ಬಾಕ್ಸಿನಲ್ಲಿ ಕೊಟ್ಟ ಕೇಬಲ್, ಅಡಾಪ್ಟರ್ ಬಳಸಿ ಡಾಂಗಲನ್ನು ಪ್ಯಾಡಿನ ಪಕ್ಕಕ್ಕೆ, ಒಂದು ಗೇಣು ದೂರಕ್ಕೆ ತನ್ನಿ. ವೈಫೈ ರೌಟರ್ ಮೇಜಿನ ಮೇಲಿದ್ದರೆ ದೂರ ಇಡಿ, ಕಂಪ್ಯೂಟರನ್ನು 5 ಗಿಗಾಹರ್ಟ್ಜ್‌ಗೆ ಹಾಕಿ.

ಅದಾದ ಮೇಲೂ ಜಂಪ್ ಆದರೆ ಮೌಸ್ ತಿರುಗಿಸಿ ಸೆನ್ಸರ್ ತೂತಿನಲ್ಲಿ ಇಣುಕಿ. ಒಂದೇ ಒಂದು ಕೂದಲು ಅಡ್ಡ ಬಿದ್ದಿದ್ದರೂ ಸಾಕು.

ಒಂದು ಸಲ ಒತ್ತಿದ್ರೆ ಎರಡು ಸಲ ಕ್ಲಿಕ್ ಆಗ್ತಿದೆ. ಇದಕ್ಕೆ ಪರಿಹಾರ?

ಮೆಕ್ಯಾನಿಕಲ್ ಸ್ವಿಚ್‌ನಲ್ಲಿ ಲೋಹದ ತಗಡು ಇನ್ನೊಂದಕ್ಕೆ ತಾಗಬೇಕು. ತಾಗುವಾಗ ಅದು ಪುಟಿಯುತ್ತದೆ. ಆ ಪುಟಿತವನ್ನು ಲೆಕ್ಕಕ್ಕೆ ತಗೊಳ್ಳದಿರಲು ಮೌಸ್ ಕೆಲವು ಮಿಲಿಸೆಕೆಂಡ್ ಕಾಯುತ್ತದೆ, ಅದೇ ಡಿಬೌನ್ಸ್. ತಗಡು ಸವೆದು, ಮಸಿ ಹಿಡಿದಾಗ ಪುಟಿತ ಉದ್ದವಾಗಿ ಎರಡನೇ ಕ್ಲಿಕ್ ಆಗಿಬಿಡುತ್ತದೆ. ಸಾಫ್ಟ್‌ವೇರ್‌ನಲ್ಲಿ ಡಿಬೌನ್ಸ್ ಏರಿಸಲು ಬಂದರೆ ಏರಿಸಿ, ಸ್ವಲ್ಪ ದಿನ ತಳ್ಳಬಹುದು. ವಾರಂಟಿ ಇದ್ದರೆ ಬಿಚ್ಚಬೇಡಿ, ಕ್ಲೇಮ್ ಮಾಡಿ. ಇಲ್ಲದಿದ್ದರೆ ಬೆಸುಗೆ ಗೊತ್ತಿರುವ ಮೊಬೈಲ್ ರಿಪೇರಿಯವರು ಸ್ವಿಚ್ ಬದಲಿಸಿ ಕೊಡುತ್ತಾರೆ. ಆಪ್ಟಿಕಲ್‌ನಲ್ಲಿ ಬೆಳಕಿನ ಕಿರಣ ತಡೆಯುವ ಲೆಕ್ಕ, ತಗಡು ತಾಗಬೇಕಾದ್ದೇ ಇಲ್ಲ, ಹಾಗಾಗಿ ಈ ರೋಗ ಬರುವುದಿಲ್ಲ.

ಹಗುರ ಮೌಸ್ ತಗೊಂಡ ಮೇಲೆ ಗುರಿ ದಾಟಿ ದಾಟಿ ಹೋಗ್ತಿದೆ

ಎಲ್ಲರಿಗೂ ಮೊದಲ ವಾರ ಹೀಗೇ. ಕೈ ಹಳೆಯ ಭಾರಕ್ಕೆ ಒಗ್ಗಿರುತ್ತದೆ. ಸೆನ್ಸಿಟಿವಿಟಿ ಮುಟ್ಟದೆ ಎರಡು ವಾರ ಆಡಿ. ಆಮೇಲೂ ದಾಟಿದರೆ ತಪ್ಪು ಪ್ಯಾಡಿನದು ಇರಬಹುದು. ಹಗುರ ಮೌಸ್, ಅದರ ತಳಕ್ಕೆ ಹೊಸ ಟೆಫ್ಲಾನ್ ಪಾದ, ಜಾರುವ ಪ್ಯಾಡ್ ಮೂರೂ ಸೇರಿದರೆ ನಿಲ್ಲಿಸುವುದೇ ಕಷ್ಟ. ಸ್ವಲ್ಪ ತಡೆಯುವ ಬಟ್ಟೆ ಪ್ಯಾಡ್ ಹಾಕಿ ನೋಡಿ. ಗಾಜಿನ ಪ್ಯಾಡ್ ಬೇಗ ಜಾರುತ್ತದೆ, ಪಾದಗಳನ್ನೂ ಬೇಗ ಸವೆಸುತ್ತದೆ, ಎಲ್ಲ ಸೆನ್ಸರ್‌ಗೂ ಒಗ್ಗುವುದಿಲ್ಲ. ಮಳೆಗಾಲದಲ್ಲಿ ಬಟ್ಟೆ ಪ್ಯಾಡ್ ತೇವ ಹೀರಿ ಮಂದವಾಗುತ್ತದೆ. ಜೂನ್‌ನಲ್ಲಿ ಆಟ ಕೆಟ್ಟರೆ ಮೌಸ್ ಬದಲಿಸುವ ಮುಂಚೆ ಪ್ಯಾಡ್ ಒಗೆದು ಒಣಗಿಸಿ.

40 ಗ್ರಾಂಗಿಂತ ಕೆಳಗಿನವು ಹೇಗೆ? ಅಷ್ಟು ಹಗುರ ಗಟ್ಟಿ ಇರುತ್ತಾ?

ಇಲ್ಲಿಂದ ಮುಂದೆ ಪ್ಲಾಸ್ಟಿಕ್ ಒಂದರಿಂದಲೇ ಸಾಲುವುದು ಕಷ್ಟ. ರೇಜರ್ 2023ರಲ್ಲಿ ಮೆಗ್ನೀಸಿಯಂ ಮಿಶ್ರಲೋಹದ ವೈಪರ್ ಮಿನಿ ಸಿಗ್ನೇಚರ್ ಎಡಿಷನ್ ತಂದಿತು, 49 ಗ್ರಾಂ, 280 ಡಾಲರ್. ಫೈನಲ್‌ಮೌಸ್ ಕಾರ್ಬನ್ ಫೈಬರ್ ಬೆರೆಸಿ ಅಲ್ಟ್ರಾಲೈಟ್‌ಎಕ್ಸ್ ಮಾಡಿ 40ರ ಕೆಳಗಿಳಿಯಿತು. ಕೋರ್ಸೇರ್ 2025ರಲ್ಲಿ ಸೇಬರ್ ವಿ2 ಪ್ರೊ ಅನ್ನು 36 ಗ್ರಾಂಗೆ ತಂದಿದೆ.

ಇಷ್ಟು ಇಳಿಸಬೇಕು ಅಂದರೆ ಎಲ್ಲೋ ಕತ್ತರಿ ಬೀಳಲೇಬೇಕು. ಸಾಮಾನ್ಯವಾಗಿ ಬ್ಯಾಟರಿ ಚಿಕ್ಕದಾಗುತ್ತದೆ, ಗೋಡೆ ತೆಳುವಾಗುತ್ತದೆ, ತಳದಲ್ಲಿ ಕಿಟಕಿ ತೆರೆಯುತ್ತದೆ. ಫಿಂಗರ್‌ಟಿಪ್ ಹಿಡಿಯುವವರಿಗೆ ಇದು ನಿಜಕ್ಕೂ ಸುಖ, ಬೆರಳಿನಿಂದಲೇ ಆಡಿಸುವುದರಿಂದ ಒಂದೊಂದು ಗ್ರಾಂ ಕೂಡ ಅವರಿಗೆ ಗೊತ್ತಾಗುತ್ತದೆ. ಪಾಮ್ ಹಿಡಿಯುವವರು ಇದಕ್ಕೆ ದುಡ್ಡು ಹಾಕುವುದು ದಂಡ.

ಬ್ಯಾಟರಿ ಎಷ್ಟು ವರ್ಷ ಬಾಳುತ್ತೆ? ರಾತ್ರಿಯೆಲ್ಲ ಚಾರ್ಜ್‌ಗೆ ಹಾಕಿಡಬಹುದಾ?

ಒಳಗಿರುವುದು ಲಿಥಿಯಂ ಬ್ಯಾಟರಿ, ಫೋನಿನಲ್ಲಿ ಇರುವಂಥದ್ದೇ, ತುಂಬಾ ಚಿಕ್ಕದು ಅಷ್ಟೇ. ವಾರಕ್ಕೋ ಎರಡು ವಾರಕ್ಕೋ ಒಮ್ಮೆ ಚಾರ್ಜ್ ಮಾಡುವುದರಿಂದ ವರ್ಷಗಟ್ಟಲೆ ಬರುತ್ತದೆ. ಪೂರ್ತಿ ಖಾಲಿ ಮಾಡಿ ತಿಂಗಳುಗಟ್ಟಲೆ ಡ್ರಾಯರ್‌ನಲ್ಲಿ ಎಸೆದಿಡಬೇಡಿ, ಪರೀಕ್ಷೆ ಮುಗಿಯುವವರೆಗೆ ಆಟ ಬಂದ್ ಅಂತ ಅಮ್ಮ ಮೌಸ್ ಎತ್ತಿಟ್ಟರೂ ಅರ್ಧ ಚಾರ್ಜ್ ಮಾಡಿಯೇ ಕೊಡಿ. 65 ವಾಟ್ ಫೋನ್ ಚಾರ್ಜರ್ ಹುಡುಕಬೇಕಾಗಿಲ್ಲ, ಕಂಪ್ಯೂಟರಿನ ಯುಎಸ್‌ಬಿ ಪೋರ್ಟಿಗೆ ಸಿಕ್ಕಿಸಿ ಊಟಕ್ಕೆ ಹೋಗಿ. ತಳ ಉಬ್ಬಿ ಮೌಸ್ ಪ್ಯಾಡ್ ಮೇಲೆ ಕುಂಟಿದರೆ ಮಾತ್ರ ಅದು ಬ್ಯಾಟರಿ ಊದಿದ ಲಕ್ಷಣ. ಆಗ ಚಾರ್ಜ್ ಮಾಡುವುದು ನಿಲ್ಲಿಸಿ, ಚುಚ್ಚಲು ಹೋಗಬೇಡಿ, ಕಸದ ಬುಟ್ಟಿಗೂ ಎಸೆಯಬೇಡಿ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.